ಪಕ್ಕದ ಸೀಟು ಖಾಲಿಯಿದ್ದರೆ ಗಾಡಿ ಮುಂದೆ ಹೋಗಬಾರದು: ಸಂಚಾರ ಪೊಲೀಸ್ ಮುಖ್ಯಸ್ಥರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಪೊಲೀಸ್ ಹೆಚ್ಚುವರಿ ಮಹಾನಿರ್ದೇಶಕರು,
ಸಂಚಾರ ಮತ್ತು ರಸ್ತೆ ಸುರಕ್ಷತೆ, ಕರ್ನಾಟಕ ರಾಜ್ಯ, ಬೆಂಗಳೂರು

ಪ್ರತಿ: ಮಾನ್ಯ ಸಾರಿಗೆ ಆಯುಕ್ತರು

ವಿಷಯ: ಎಲ್‌ಎಲ್‌ಆರ್ (ಕಲಿಕಾ ಲೈಸೆನ್ಸ್) ಇರುವವರು ಪಕ್ಕದಲ್ಲಿ ಲೈಸೆನ್ಸ್ ಇರುವ ಯಾರೂ ಇಲ್ಲದೆ ಕಾರು ಓಡಿಸುತ್ತಿರುವುದು ಮತ್ತು ಅದನ್ನು ರಸ್ತೆಯಲ್ಲಿ ತಡೆಯಬೇಕಾದ ಬಗೆ.

ಮಾನ್ಯರೇ,

ಹಳೇ ಮೈಸೂರು ಭಾಗದ ಒಂದು ತಾಲ್ಲೂಕು ಕೇಂದ್ರದಲ್ಲಿ 22 ವರ್ಷಗಳಿಂದ ಕಾರು ಕಲಿಸುವ ಕೆಲಸ ಮಾಡಿಕೊಂಡು ಬಂದಿರುವ ನಾನು ಇಷ್ಟು ವರ್ಷಗಳಲ್ಲಿ ಪೊಲೀಸ್ ಇಲಾಖೆಗೆ ಒಂದು ಅರ್ಜಿಯನ್ನೂ ಬರೆದವನಲ್ಲ. ಈಗ ಬರೆಯುತ್ತಿರುವುದಕ್ಕೆ ಕಾರಣ, ನನ್ನಲ್ಲಿಯೇ ಕಲಿಯಲು ಬಂದಿದ್ದ ಹುಡುಗನೊಬ್ಬನ ಕಾರು ನನ್ನ ಕಣ್ಣೆದುರಿಗೇ ಒಬ್ಬ ಹೆಣ್ಣುಮಗಳ ಕಾಲು ಮುರಿಯಿತು. ಅದಕ್ಕೆ ನಾಲ್ಕು ದಿನ ಮೊದಲು ಅದೇ ಕಾರನ್ನು, ಅದೇ ಹುಡುಗನನ್ನು ಪೊಲೀಸರು ರಸ್ತೆಯಲ್ಲಿ ನಿಲ್ಲಿಸಿ ದಂಡ ಹಾಕಿ ಮುಂದೆ ಕಳಿಸಿದ್ದರು.

ನಡೆದದ್ದನ್ನು ನಡೆದಂತೆಯೇ ಹೇಳುತ್ತೇನೆ. ಹುಡುಗನಿಗೆ 19 ವರ್ಷ, ಬಿ.ಕಾಂ. ಎರಡನೆಯ ವರ್ಷದಲ್ಲಿದ್ದಾನೆ, ಒಳ್ಳೆಯ ಮನೆತನದ, ಮಾತಿಗೆ ಮರ್ಯಾದೆ ಇರುವ ಹುಡುಗ. ಎಲ್‌ಎಲ್‌ಆರ್ ಬಂದ ವಾರದಲ್ಲೇ ನನ್ನ ಹತ್ತಿರ ಸೇರಿದ. ಹನ್ನೆರಡು ದಿನ ಬಂದ. ಹದಿಮೂರನೆಯ ದಿನ ಫೋನ್ ಮಾಡಿ, 'ಸರ್, ಕೈ ಕೂತಿದೆ, ಮನೆಯಲ್ಲಿ ಹಳೇ ಕಾರು ತಗೊಂಡಿದ್ದಾರೆ, ಇನ್ನು ಅದರಲ್ಲೇ ಪ್ರಾಕ್ಟೀಸ್ ಮಾಡ್ಕೋತೀನಿ' ಎಂದ. ಯಾರ ಜೊತೆ ಪ್ರಾಕ್ಟೀಸ್ ಮಾಡುತ್ತೀಯ ಎಂದು ನಾನು ಕೇಳಬೇಕಾಗಿತ್ತು. ಕೇಳಲಿಲ್ಲ. ಅವನ ತಂದೆಗೆ ಕಾರು ಓಡಿಸಲು ಬರುವುದಿಲ್ಲ ಎಂಬುದು ನನಗೆ ತಿಳಿದದ್ದು ಆಮೇಲೆ.

ಕಳೆದ ಆಷಾಢದ ಒಂದು ಸಂಜೆ, ಡೇರಿಗೆ ಹಾಲು ಹಾಕುವ ಹೊತ್ತಿನಲ್ಲಿ, ನಾನು ಇನ್ನೊಬ್ಬ ವಿದ್ಯಾರ್ಥಿಯನ್ನು ಕೂರಿಸಿಕೊಂಡು ಹೊರವಲಯದ ರಸ್ತೆಯಲ್ಲಿ ಬರುತ್ತಿದ್ದೆ. ನಮ್ಮ ಮುಂದೆ ಐವತ್ತು ಮೀಟರ್ ದೂರದಲ್ಲಿ ಹಿಂದಿನ ಗಾಜಿಗೆ ಕೆಂಪು 'ಎಲ್' ಅಂಟಿಸಿದ್ದ ಒಂದು ಕಾರು ಹೋಗುತ್ತಿತ್ತು. ಡೇರಿಯ ತಿರುವಿನಲ್ಲಿ ಆಟೋವೊಂದು ಗಕ್ಕನೆ ನಿಂತಿತು. ಮುಂದಿನ ಕಾರಿನ ಬ್ರೇಕ್ ದೀಪ ಹತ್ತಲಿಲ್ಲ; ಇಂಜಿನ್ ಅರಚಿಕೊಂಡಿತು; ಕಾರು ಎಡಕ್ಕೆ ಹಾರಿ ಮಣ್ಣಿನ ದಾರಿಯಲ್ಲಿ ಹಾಲಿನ ಕ್ಯಾನ್ ಹಿಡಿದು ನಡೆಯುತ್ತಿದ್ದ ಮಹಿಳೆಯನ್ನು ಕೆಡವಿ ವಿದ್ಯುತ್ ಕಂಬಕ್ಕೆ ಗುದ್ದಿ ನಿಂತಿತು. ಬ್ರೇಕ್ ಒತ್ತಬೇಕಾದ ಗಾಬರಿಯಲ್ಲಿ ಆಕ್ಸಿಲರೇಟರ್ ಒತ್ತುವುದು ಹೊಸಬರು ಮಾಡುವ ತಪ್ಪುಗಳಲ್ಲಿ ಅತ್ಯಂತ ಹಳೆಯದು, ಆದ್ದರಿಂದ ಏನಾಯಿತೆಂದು ನನಗೆ ಆ ಶಬ್ದದಿಂದಲೇ ಗೊತ್ತಾಯಿತು. ಓಡಿಹೋಗಿ ಬಾಗಿಲು ತೆಗೆದಾಗ ಸ್ಟೇರಿಂಗ್ ಹಿಡಿದು ನಡುಗುತ್ತಿದ್ದವನು ಅದೇ ಹುಡುಗ. ಪಕ್ಕದ ಸೀಟಿನಲ್ಲಿ ಕಾಲೇಜಿನ ಚೀಲ ಒಂದಿತ್ತು.

ಆ ತಾಯಿಗೆ ತೊಡೆಯ ಮೂಳೆ ಮುರಿದಿತ್ತು. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಕಳಿಸಿದೆವು. ಶಸ್ತ್ರಚಿಕಿತ್ಸೆಯಾಗಿ ಮೂರು ತಿಂಗಳು ಹಾಸಿಗೆ ಹಿಡಿದರು. ಕಟ್ಟಿದ್ದ ಎರಡು ಹಸುಗಳಲ್ಲಿ ಒಂದನ್ನು ಮಾರಿದರು, ಏಕೆಂದರೆ ಹುಲ್ಲು ತರುವವರು ಆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಇಂದಿಗೂ ಕೋಲು ಹಿಡಿದು ನಡೆಯುತ್ತಾರೆ. ನಾನು ಅವರನ್ನು ನೋಡಲು ಹೋದಾಗಲೆಲ್ಲ, 'ಆ ಹುಡುಗ ಹೆಂಗವ್ನೆ ಸ್ವಾಮಿ, ಪಾಪ ಹೆದರಿಬಿಟ್ಟಿದ್ದ' ಎಂದೇ ಮೊದಲು ಕೇಳುತ್ತಾರೆ.

ಸ್ಥಳಕ್ಕೆ ಬಂದ ಪೊಲೀಸ್ ಸಿಬ್ಬಂದಿ ಹುಡುಗನ ಲೈಸೆನ್ಸ್ ಕೇಳಿದರು. ಅವನು ಮೊಬೈಲಿನಲ್ಲಿ ಎಲ್‌ಎಲ್‌ಆರ್ ತೋರಿಸಿದ. 'ಎಲ್‌ಎಲ್‌ಆರ್ ಇದೆಯಲ್ಲ, ಸರಿ' ಎಂದು ಬರೆದುಕೊಂಡರು. ಪಕ್ಕದಲ್ಲಿ ಯಾರಿದ್ದರು ಎಂಬ ಪ್ರಶ್ನೆ ಬರಲೇ ಇಲ್ಲ. ಅಜಾಗರೂಕ ಚಾಲನೆಯ ಪ್ರಕರಣ ದಾಖಲಾಯಿತು, ಅದು ಸರಿಯೇ. ಆದರೆ ಆ ಹುಡುಗ ಅಂದು ಕಾರಿನೊಳಗೆ ಒಬ್ಬನೇ ಕುಳಿತು ರಸ್ತೆಗೆ ಇಳಿದದ್ದೇ ಒಂದು ಅಪರಾಧ ಎಂಬುದು ಯಾರ ಗಮನಕ್ಕೂ ಬಂದಂತೆ ಕಾಣಲಿಲ್ಲ. ಕೆಲವು ದಿನಗಳ ನಂತರ ಅವನ ತಂದೆ ನನ್ನ ಮುಂದೆ ಕಣ್ಣೀರು ಹಾಕುತ್ತ ಒಂದು ದಂಡದ ರಸೀದಿಯನ್ನು ತೋರಿಸಿದರು. ಅಪಘಾತಕ್ಕೆ ನಾಲ್ಕು ದಿನ ಮೊದಲು ಹೆದ್ದಾರಿಯ ಕೂಡುರಸ್ತೆಯಲ್ಲಿ ತಪಾಸಣೆಗೆ ನಿಲ್ಲಿಸಿ, ಸೀಟ್ ಬೆಲ್ಟ್ ಹಾಕಿಲ್ಲವೆಂದು ದಂಡ ಕಟ್ಟಿಸಿಕೊಂಡು ಹುಡುಗನನ್ನು ಕಳಿಸಿದ್ದರು. ಕಾರಿನ ಮುಂದೆ 'ಎಲ್' ಇತ್ತು, ಒಳಗೆ ಒಬ್ಬನೇ ಇದ್ದ, ಕೈಯಲ್ಲಿದ್ದದ್ದು ಎಲ್‌ಎಲ್‌ಆರ್ ಮಾತ್ರ. 'ಪೊಲೀಸರೇ ನೋಡಿ ಬಿಟ್ಟಿದ್ದಾರೆ ಅಂದ ಮೇಲೆ ತಪ್ಪಿಲ್ಲ ಅಂದುಕೊಂಡೆವು ಸರ್' ಎಂದರು ಆ ತಂದೆ. ಅವರ ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಆದ್ದರಿಂದ ಅದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಆ ಠಾಣೆಯ ಅಥವಾ ಆ ಸಿಬ್ಬಂದಿಯ ಹೆಸರು ಹೇಳುವುದು ನನ್ನ ಉದ್ದೇಶವಲ್ಲ. ಬಿಸಿಲಿನಲ್ಲಿ ನಿಂತು ದುಡಿಯುವ ಆ ಪೇದೆಯ ಜಾಗದಲ್ಲಿ ರಾಜ್ಯದ ಬೇರೆ ಯಾವ ಪೇದೆ ಇದ್ದಿದ್ದರೂ ಬಹುಶಃ ಹಾಗೆಯೇ ಮಾಡುತ್ತಿದ್ದರು, ಏಕೆಂದರೆ ಎಲ್‌ಎಲ್‌ಆರ್ ಎಂದರೆ ಒಂದು ಚಿಕ್ಕ ಲೈಸೆನ್ಸ್, ಆರು ತಿಂಗಳ ಮಟ್ಟಿಗೆ ನಡೆಯುತ್ತದೆ ಎಂಬ ನಂಬಿಕೆ ಜನರಲ್ಲಿ ಇರುವಂತೆಯೇ ಪೊಲೀಸರಲ್ಲೂ ಇದೆ. ಕಾನೂನು ಹೇಳುವುದು ಹಾಗಲ್ಲ. 1988ರ ಮೋಟಾರು ವಾಹನ ಕಾಯ್ದೆಯ 3ನೆಯ ಸೆಕ್ಷನ್ ಚಾಲನಾ ಲೈಸೆನ್ಸ್ ಇಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಯಾರೂ ವಾಹನ ಓಡಿಸಕೂಡದು ಎಂದು ನಿಷೇಧಿಸುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 3ನೆಯ ನಿಯಮ ಕಲಿಯುವವರಿಗೆ ಆ ನಿಷೇಧದಿಂದ ವಿನಾಯಿತಿ ಕೊಡುತ್ತದೆ, ಆದರೆ ಮೂರು ಷರತ್ತುಗಳು ಒಟ್ಟಿಗೆ ಪಾಲನೆಯಾಗುವ ತನಕ ಮಾತ್ರ: ಚಾಲ್ತಿಯಲ್ಲಿರುವ ಎಲ್‌ಎಲ್‌ಆರ್ ಇರಬೇಕು, ಆ ವಾಹನವನ್ನು ಓಡಿಸುವ ಲೈಸೆನ್ಸ್ ಇರುವ ಬೋಧಕರೊಬ್ಬರು ವಾಹನವನ್ನು ನಿಯಂತ್ರಿಸಲು ಅಥವಾ ನಿಲ್ಲಿಸಲು ಅನುವಾಗುವಂತೆ ಜೊತೆಯಲ್ಲಿ ಕುಳಿತಿರಬೇಕು, ವಾಹನದ ಹಿಂದೆ ಮುಂದೆ ಬಿಳಿಯ ಮೇಲೆ ಕೆಂಪಿನಲ್ಲಿ 'ಎಲ್' ಅಕ್ಷರ ಇರಬೇಕು. ಪಕ್ಕದ ಸೀಟಿನವರು ಇಳಿದುಹೋದ ಕ್ಷಣದಲ್ಲಿ ವಿನಾಯಿತಿಯೂ ಅವರ ಜೊತೆಗೇ ಇಳಿದುಹೋಗುತ್ತದೆ, ಹಳೆಯ ನಿಷೇಧ ಮರಳಿ ಬರುತ್ತದೆ. ಹಾಗಾಗಿ ಒಂಟಿಯಾಗಿ ಕಾರು ಓಡಿಸುವ ಎಲ್‌ಎಲ್‌ಆರ್‌ದಾರರು ಕಾನೂನಿನ ಕಣ್ಣಿನಲ್ಲಿ ಲೈಸೆನ್ಸ್ ಇಲ್ಲದೆ ಕಾರು ಓಡಿಸುತ್ತಿರುವವರೇ. ಅವರಿಗೆ 181ನೆಯ ಸೆಕ್ಷನ್ ಅನ್ವಯಿಸುತ್ತದೆ. ಕಾರು ಕೊಟ್ಟ ಮಾಲೀಕರಿಗೆ 180ನೆಯ ಸೆಕ್ಷನ್ ಅನ್ವಯಿಸುತ್ತದೆ. 3ನೆಯ ಸೆಕ್ಷನ್ ಉಲ್ಲಂಘಿಸಿ ಓಡುತ್ತಿರುವ ವಾಹನವನ್ನು ವಶಕ್ಕೆ ಪಡೆದು ತಡೆದಿಡುವ ಅಧಿಕಾರವನ್ನು 207ನೆಯ ಸೆಕ್ಷನ್ ಪೊಲೀಸ್ ಅಧಿಕಾರಿಗೆ ಕೊಟ್ಟಿದೆ. ಇಷ್ಟೆಲ್ಲ ಇದ್ದೂ ಆ ಕೂಡುರಸ್ತೆಯಲ್ಲಿ ಉಪಯೋಗಕ್ಕೆ ಬಂದದ್ದು ಸೀಟ್ ಬೆಲ್ಟಿನ ಸೆಕ್ಷನ್ ಒಂದೇ.

ಪಕ್ಕದಲ್ಲಿ ಕೂರುವವರಿಗೆ ಕಾನೂನು ಇಷ್ಟು ಮಹತ್ವ ಕೊಟ್ಟಿರುವುದು ಏಕೆ ಎಂಬುದನ್ನು ನನ್ನ ಕೆಲಸದ ಅನುಭವದಿಂದ ಹೇಳಬಲ್ಲೆ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ನನ್ನ ಕಾಲಡಿಯಲ್ಲೂ ಒಂದು ಕ್ಲಚ್, ಒಂದು ಬ್ರೇಕ್ ಇರುತ್ತವೆ. ಮೊದಲ ವಾರದ ಪಾಠದಲ್ಲಿ ನಾನು ಹತ್ತಾರು ಬಾರಿ ಅವನ್ನು ಒತ್ತುತ್ತೇನೆ. ಎರಡನೆಯ ವಾರದಲ್ಲೂ ಒತ್ತುತ್ತೇನೆ, ಆದರೆ ಮೆಲ್ಲಗೆ, ಕಲಿಯುವವರಿಗೆ ತಿಳಿಯದಂತೆ. ಹಾಗೆ ಮಾಡದಿದ್ದರೆ ಅವರಿಗೆ ಧೈರ್ಯ ಬರುವುದಿಲ್ಲ. ಕಾರು ಸರಿಯಾದ ಜಾಗದಲ್ಲಿ ನಿಂತಾಗ ನಿಲ್ಲಿಸಿದ್ದು ತಾವೇ ಎಂದು ಅವರು ಭಾವಿಸುತ್ತಾರೆ. ಹನ್ನೆರಡನೆಯ ದಿನ 'ಕೈ ಕೂತಿದೆ' ಎಂದು ಆ ಹುಡುಗನಿಗೆ ಅನ್ನಿಸಿದ್ದರಲ್ಲಿ ಅರ್ಧದಷ್ಟು ನನ್ನ ಕಾಲಿನ ಕೆಲಸವಾಗಿತ್ತು, ಅದು ಅವನಿಗೆ ಗೊತ್ತಿರಲಿಲ್ಲ. ಕಲಿಯುವವರ ಧೈರ್ಯ ಅವರ ಕೈಚಳಕಕ್ಕಿಂತ ಬಹಳ ಮೊದಲೇ ಬೆಳೆದುಬಿಡುತ್ತದೆ, ಮತ್ತು ಆ ನಡುವಿನ ಕೆಲವು ವಾರಗಳೇ ಅತ್ಯಂತ ಅಪಾಯದವು. ನಮ್ಮಂಥ ಶಾಲೆಗಳು ಸ್ವಂತ ವಾಹನಗಳಿಗೆ 21 ದಿನಕ್ಕೆ ಕಡಿಮೆಯಿಲ್ಲದ ತರಬೇತಿ, ಅದರಲ್ಲಿ ಕನಿಷ್ಠ 10 ಗಂಟೆ ಚಾಲನೆ ಕೊಡಬೇಕೆಂದು ನಿಯಮಗಳು ಹೇಳುವುದೂ, ಎಲ್‌ಎಲ್‌ಆರ್ ಸಿಕ್ಕಿ 30 ದಿನ ತುಂಬುವ ತನಕ ಟೆಸ್ಟಿಗೆ ಹೋಗಲು ಬಿಡದಿರುವುದೂ ಈ ಕಾರಣಕ್ಕೇ ಎಂದು ನಾನು ತಿಳಿದಿದ್ದೇನೆ.

ಪಕ್ಕದಲ್ಲಿ ಅಪ್ಪನೋ ಅಣ್ಣನೋ ಕುಳಿತಾಗ ಅವರ ಕಾಲಡಿಯಲ್ಲಿ ಬ್ರೇಕ್ ಇರುವುದಿಲ್ಲ ನಿಜ. ಆದರೂ ಕೈಬ್ರೇಕ್ ಅವರ ಬಲಗೈಗೆ ಎಟುಕುತ್ತದೆ, ಸ್ಟೇರಿಂಗ್ ಎಟುಕುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಅವರ ಕಣ್ಣು ಮುಂದಿನ ಆಟೋವನ್ನು ಎರಡು ಕ್ಷಣ ಮೊದಲೇ ನೋಡಿರುತ್ತದೆ. ಆ ಸಂಜೆ ಡೇರಿಯ ತಿರುವಿನಲ್ಲಿ 'ಕಾಲು ತೆಗಿ' ಎನ್ನುವ ಒಂದು ಧ್ವನಿ ಆ ಕಾರಿನೊಳಗೆ ಇದ್ದಿದ್ದರೆ ಸಾಕಾಗಿತ್ತು.

ಒಂಟಿಯಾಗಿ ಹೋಗುವವರ ಕಷ್ಟವೂ ನನಗೆ ಗೊತ್ತಿದೆ. ಕಾನೂನಿನ ಕಡೆ ನಿಂತು ಮಾತನಾಡುವಾಗ ಅವರನ್ನು ಮರೆಯುವುದು ಅನ್ಯಾಯವಾಗುತ್ತದೆ. ನನ್ನಲ್ಲಿ ಕಲಿಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೆಣ್ಣುಮಕ್ಕಳು. ಶಿಕ್ಷಕಿಯರು, ನರ್ಸ್‌ಗಳು, ಪಂಚಾಯಿತಿಯಲ್ಲಿ ಕೆಲಸ ಮಾಡುವವರು. ಗಂಡ ಬೆಂಗಳೂರಿನಲ್ಲಿ ದುಡಿಯುವ, ಮನೆಯಲ್ಲಿ ವಯಸ್ಸಾದ ಅತ್ತೆ ಮಾವ ಮಾತ್ರ ಇರುವ ಎಷ್ಟೋ ಸೊಸೆಯರು. ಅವರ ಮನೆಯಲ್ಲಿ ಲೈಸೆನ್ಸ್ ಇರುವ ಮೊದಲ ವ್ಯಕ್ತಿ ಅವರೇ ಆಗಬೇಕಾಗಿದೆ. ಪಕ್ಕದಲ್ಲಿ ಕೂರಲು ಯಾರನ್ನು ಕರೆಯುವುದು ಎಂದು ಅವರು ಕೇಳಿದರೆ ಅದು ನೆಪವಲ್ಲ. ಟೆಸ್ಟಿಗೆ ದಿನ ಸಿಗುವುದು ತಡವಾದರೆ, ಸಿಕ್ಕ ದಿನ ಜಿಲ್ಲಾ ಕೇಂದ್ರದ ತನಕ ಹೋಗಿ ಯಾವುದೋ ಕಾರಣಕ್ಕೆ ವಾಪಸ್ ಬರಬೇಕಾದರೆ, ಒಂದು ದಿನದ ಸಂಬಳ ಹೋಗುತ್ತದೆ. ಇವರಿಗೆ ದಾರಿ ಮಾಡಿಕೊಡದೆ ದಂಡ ಮಾತ್ರ ಹಾಕುತ್ತ ಹೋದರೆ, ಕಾರು ಕಲಿಯುವ ಹೆಣ್ಣುಮಕ್ಕಳ ಸಂಖ್ಯೆ ಕಡಿಮೆಯಾಗುತ್ತದೆಯೇ ಹೊರತು ರಸ್ತೆಗಳು ಸುರಕ್ಷಿತವಾಗುವುದಿಲ್ಲ.

ಇವರಿಗಿಂತ ಬೇರೆಯಾದ ಇನ್ನೊಂದು ವರ್ಗ ಇದೆ, ಅವರ ವಿಷಯದಲ್ಲಿ ನನಗೆ ಯಾವ ಕನಿಕರವೂ ಇಲ್ಲ. ಆರು ತಿಂಗಳ ಎಲ್‌ಎಲ್‌ಆರ್ ಮುಗಿದ ಕೂಡಲೇ ಇನ್ನೊಂದು ಮಾಡಿಸುತ್ತಾರೆ, ಅದು ಮುಗಿದರೆ ಮತ್ತೊಂದು. ಮೂರನೆಯ ಎಲ್‌ಎಲ್‌ಆರ್‌ನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೋಗಿಬಂದವರನ್ನು ನಾನು ಬಲ್ಲೆ. ಟೆಸ್ಟ್ ಕೊಟ್ಟರೆ ಪಾಸಾಗುತ್ತೇವೋ ಇಲ್ಲವೋ ಎಂಬ ಭಯ ಅವರಿಗೆ ಇದೆ, ರಸ್ತೆಯಲ್ಲಿ ಯಾರಾದರೂ ಹಿಡಿಯುತ್ತಾರೆಂಬ ಭಯ ಇಲ್ಲ.

ಅವರಿಗೆ ಆ ಭಯ ಏಕೆ ಇಲ್ಲ ಎಂಬುದನ್ನು ನೋಡಬೇಕಾದರೆ ಟೆಸ್ಟ್ ನಡೆಯುವ ಮೈದಾನದ ಗೇಟಿನ ಬಳಿ ಒಂದು ಬೆಳಿಗ್ಗೆ ನಿಂತರೆ ಸಾಕು. ವಿದ್ಯಾರ್ಥಿಗಳನ್ನು ಕರೆದುಕೊಂಡು ನಾನು ಹಲವು ಊರುಗಳ ಮೈದಾನಗಳಿಗೆ ಹೋಗಿದ್ದೇನೆ, ಎಲ್ಲ ಕಡೆಯೂ ಕಂಡದ್ದು ಒಂದೇ ನೋಟ. ಟೆಸ್ಟ್ ಕೊಡಲು ಬರುವವರಲ್ಲಿ ಕೆಲವರು ತಾವೊಬ್ಬರೇ ಕಾರು ಓಡಿಸಿಕೊಂಡು ಬರುತ್ತಾರೆ. ಬಂದವರು ಲೈಸೆನ್ಸ್ ಇಲ್ಲದವರೆಂಬುದಕ್ಕೆ ಅವರು ಟೆಸ್ಟಿಗೆ ಬಂದಿರುವುದೇ ಸಾಕ್ಷಿ. ರಿವರ್ಸ್ ತೆಗೆಯಲಾಗದೆ, ಏರಿನಲ್ಲಿ ಗಾಡಿ ಹಿಂದಕ್ಕೆ ಜಾರಿ ಫೇಲಾದವರು ಕೂಡ ಮತ್ತೆ ಅದೇ ಸ್ಟೇರಿಂಗ್ ಹಿಂದೆ ಕುಳಿತು, ಅದೇ ಗೇಟಿನಿಂದ, ಒಬ್ಬರೇ ಮನೆಗೆ ಹೋಗುತ್ತಾರೆ. ಈ ವ್ಯಕ್ತಿಗೆ ಕಾರು ಓಡಿಸಲು ಬರುವುದಿಲ್ಲ ಎಂದು ಸರ್ಕಾರವೇ ಹತ್ತು ನಿಮಿಷದ ಹಿಂದೆ ಬರೆದುಕೊಟ್ಟಿರುತ್ತದೆ. ಕಾನೂನು ಎಲ್ಲಿಂದ ಶುರುವಾಗಬೇಕು ಎಂದು ಯಾರಾದರೂ ನನ್ನನ್ನು ಕೇಳಿದರೆ ಆ ಗೇಟನ್ನು ತೋರಿಸುತ್ತೇನೆ.

ಹಾಗಾದರೆ ಪೊಲೀಸರು ಎಷ್ಟು ಬಿಗಿಯಾಗಿರಬೇಕು? ದಂಡದ ಮೊತ್ತವನ್ನು ಏರಿಸಿ ಎಂದು ನಾನು ಕೇಳುವುದಿಲ್ಲ. 2019ರ ತಿದ್ದುಪಡಿ 181ನೆಯ ಸೆಕ್ಷನ್‌ನ ದಂಡವನ್ನು 500 ರೂಪಾಯಿಯಿಂದ 5,000 ರೂಪಾಯಿಗೆ ಏರಿಸಿತು. ಜನರ ವಿರೋಧ ಕಂಡು ನಮ್ಮ ರಾಜ್ಯ ಸರ್ಕಾರ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹಲವು ದಂಡಗಳ ಮೊತ್ತವನ್ನು ಇಳಿಸಿತು. ಏರಿದಾಗಲೂ ಇಳಿದಾಗಲೂ ನಮ್ಮ ಊರಿನ ಒಂಟಿ 'ಎಲ್' ಕಾರುಗಳ ಸಂಖ್ಯೆಯಲ್ಲಿ ನಾನು ವ್ಯತ್ಯಾಸ ಕಾಣಲಿಲ್ಲ, ಏಕೆಂದರೆ ಆ ಕಾರಣಕ್ಕೆ ಯಾರನ್ನೂ ಹಿಡಿಯುತ್ತಲೇ ಇರಲಿಲ್ಲ. ದಂಡ ದೊಡ್ಡದಾದಷ್ಟೂ ರಸ್ತೆಬದಿಯ ಚೌಕಾಸಿ ದೊಡ್ಡದಾಗುತ್ತದೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುವ ಸಂಗತಿ.

ನಾನು ಕೇಳುವುದು ಚೌಕಾಸಿಗೆ ಎಡೆಯೇ ಇಲ್ಲದ ಒಂದು ಕ್ರಮವನ್ನು. ಎಲ್‌ಎಲ್‌ಆರ್ ಮಾತ್ರ ಇರುವವರು ಒಬ್ಬರೇ ಕಾರಿನಲ್ಲಿ ಸಿಕ್ಕಿದರೆ, ಲೈಸೆನ್ಸ್ ಇರುವ ಒಬ್ಬರು ಬಂದು ಕೀ ಪಡೆಯುವ ತನಕ ಆ ಕಾರು ಅಲ್ಲಿಂದ ಕದಲಬಾರದು. ಅಪ್ಪ ಬರಲಿ, ಅಕ್ಕ ಬರಲಿ, ಪಕ್ಕದ ಮನೆಯವರು ಬರಲಿ. ಬರುವ ತನಕ ಒಂದು ತಾಸೋ ಎರಡು ತಾಸೋ ಕಾರು ರಸ್ತೆಯ ಅಂಚಿನಲ್ಲಿ ಸುರಕ್ಷಿತವಾಗಿ ನಿಂತಿರಲಿ. ಮೊದಲ ಸಲಕ್ಕೆ ಸಣ್ಣ ದಂಡವೇ ಇರಲಿ, ಆದರೆ ಅದು ಸರಿಯಾದ ಸೆಕ್ಷನ್ನಿನಡಿ ವಾಹನದ ಸಂಖ್ಯೆ ಮತ್ತು ಎಲ್‌ಎಲ್‌ಆರ್ ಸಂಖ್ಯೆಯ ಸಮೇತ ದಾಖಲಾಗಲಿ. ಎರಡನೆಯ ಸಲ ಅದೇ ಕಾರು ಸಿಕ್ಕಿದರೆ ಮಾಲೀಕರ ಮೇಲೆ 180ನೆಯ ಸೆಕ್ಷನ್ ಹಾಕಿ, ಕಾರನ್ನು 207ರ ಪ್ರಕಾರ ಠಾಣೆಗೆ ತನ್ನಿ. ನಾಲ್ಕು ದಿನ ಮೊದಲು ಆ ಹುಡುಗನ ಕಾರನ್ನು ಹೀಗೆ ನಿಲ್ಲಿಸಿ ಅವನ ತಂದೆಯನ್ನು ಕರೆಸಿದ್ದಿದ್ದರೆ, ಆ ತಂದೆ ಅಂದು ರಾತ್ರಿಯೇ ಕೀಯನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರೆಂದು ನನ್ನ ಎದುರಿಗೆ ಹೇಳಿದ್ದಾರೆ. ಆ ಮಾತನ್ನು ನಾನು ನಂಬುತ್ತೇನೆ.

ಇದು ಅತಿಯಾಯಿತು ಎನ್ನುವವರಿಗೆ ಒಂದು ಸಂಗತಿ ತಿಳಿಸಬೇಕು. ನನ್ನಲ್ಲಿ ಕಲಿತು ಈಗ ಐರ್ಲೆಂಡಿನ ಡಬ್ಲಿನ್‌ನಲ್ಲಿ ಕೆಲಸದಲ್ಲಿರುವ ಹೆಣ್ಣುಮಗಳೊಬ್ಬಳು ಫೋನಿನಲ್ಲಿ ಅಲ್ಲಿಯ ಕಾನೂನಿನ ಕಥೆ ಹೇಳಿದಳು. 2015ರ ಡಿಸೆಂಬರ್‌ನಲ್ಲಿ ಕಾರ್ಕ್ ಭಾಗದಲ್ಲಿ, ಜೊತೆಯಲ್ಲಿ ಯಾರೂ ಇಲ್ಲದೆ ಕಾರು ಓಡಿಸುತ್ತಿದ್ದ ಕಲಿಕಾರ್ಥಿಯ ವಾಹನ ಡಿಕ್ಕಿಯಾಗಿ ತಾಯಿ ಮತ್ತು ಮಗಳು ಇಬ್ಬರೂ ತೀರಿಕೊಂಡರು. ಆ ಮನೆಯ ಯಜಮಾನರು ಪಟ್ಟುಹಿಡಿದು ಹೋರಾಡಿದರು. ಮೂರು ವರ್ಷದ ನಂತರ, 2018ರ ಡಿಸೆಂಬರ್‌ನಲ್ಲಿ, ಗೊತ್ತಿದ್ದೂ ಕಾರು ಕೊಟ್ಟ ಮಾಲೀಕರು ಅಪರಾಧಿಗಳಾಗುತ್ತಾರೆ, ಪೊಲೀಸರು ಕಾರನ್ನು ತಡೆದಿಡಬಹುದು ಎಂಬ ಕಾನೂನು ಅಲ್ಲಿ ಜಾರಿಗೆ ಬಂತು. ಅಲ್ಲಿ ಪಕ್ಕದಲ್ಲಿ ಕೂರುವವರು ಕನಿಷ್ಠ ಎರಡು ವರ್ಷದಿಂದ ಪೂರ್ಣ ಲೈಸೆನ್ಸ್ ಹೊಂದಿದವರಾಗಿರಬೇಕು. ನಮ್ಮಲ್ಲಿ ನಿನ್ನೆ ಡಿಎಲ್ ಪಡೆದವರೂ ಇಂದು ಬೋಧಕರಾಗಿ ಕೂರಬಹುದು. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ. ಅಷ್ಟು ದುಃಖದ ನಡುವೆ ಆ ಕುಟುಂಬ ಹೋರಾಡಿ ಪಡೆದ ಆ ಎರಡು ಅಧಿಕಾರಗಳು, ಮಾಲೀಕರ ಹೊಣೆ ಮತ್ತು ವಾಹನವನ್ನು ತಡೆದಿಡುವುದು, ನಮ್ಮ 1988ರ ಕಾಯ್ದೆಯಲ್ಲಿ ಮೊದಲಿನಿಂದಲೂ ಇವೆ. ನಾವು ಹೊಸ ಕಾನೂನಿಗಾಗಿ ಕಾಯಬೇಕಾಗಿಲ್ಲ.

ಬಿಗಿ ಮಾಡಿದರೆ ಜನ 'ಎಲ್' ಬೋರ್ಡನ್ನೇ ಕಿತ್ತುಹಾಕುತ್ತಾರೆ ಎಂಬ ಆಕ್ಷೇಪ ಬರುತ್ತದೆ, ಅದರಲ್ಲಿ ಹುರುಳಿದೆ. ಈಗಲೇ ನಿಯಮದ ಪ್ರಕಾರ 18 ಸೆಂಟಿಮೀಟರ್ ಚೌಕದ ಬೋರ್ಡು, ಅದರಲ್ಲಿ 10 ಸೆಂಟಿಮೀಟರ್ ಎತ್ತರದ ಅಕ್ಷರ ಇರಬೇಕಾದ ಕಡೆ ಅಂಗೈಯಗಲದ ಸ್ಟಿಕ್ಕರ್ ಅಂಟಿಸಿಕೊಳ್ಳುವವರಿದ್ದಾರೆ. ಬೋರ್ಡು ಹಾಕಿದ ಪ್ರಾಮಾಣಿಕರನ್ನು ಮಾತ್ರ ಹಿಡಿದು, ಕಿತ್ತುಹಾಕಿದವರನ್ನು ಬಿಡುವ ತಪಾಸಣೆ ಆಗಕೂಡದು. ಹೆದ್ದಾರಿಯ ಕ್ಯಾಮೆರಾಗಳು ವೇಗವನ್ನು, ಸೀಟ್ ಬೆಲ್ಟನ್ನು ಹಿಡಿಯಬಲ್ಲವು. ಓಡಿಸುತ್ತಿರುವವರ ಕೈಯಲ್ಲಿ ಇರುವುದು ಎಲ್‌ಎಲ್‌ಆರೋ ಡಿಎಲ್ಲೋ ಎಂಬುದು ಅವಕ್ಕೆ ಕಾಣುವುದಿಲ್ಲ. ಅದು ಮನುಷ್ಯರೇ ನಿಲ್ಲಿಸಿ ಕೇಳಬೇಕಾದ ಪ್ರಶ್ನೆ. ಬೇರೆ ಯಾವ ಕಾರಣಕ್ಕೆ ಕಾರು ನಿಲ್ಲಿಸಿದರೂ ಲೈಸೆನ್ಸ್ ನೋಡಿ, ಅದು ಎಲ್‌ಎಲ್‌ಆರ್ ಆಗಿದ್ದರೆ ಎಡಗಡೆಯ ಸೀಟನ್ನು ನೋಡುವುದು ಸಿಬ್ಬಂದಿಗೆ ರೂಢಿಯಾಗಬೇಕು. ಬೋರ್ಡು ಇಲ್ಲದೆ ಸಿಕ್ಕವರ ಮೇಲೆ ಕ್ರಮ ಒಂದು ಹೆಜ್ಜೆ ಹೆಚ್ಚೇ ಇರಲಿ.

ಸ್ಕೂಟರ್ ಮತ್ತು ಬೈಕಿನ ವಿಷಯದಲ್ಲಿ ನಾನು ಇಷ್ಟು ಖಚಿತವಾಗಿ ಮಾತನಾಡಲಾರೆ. ನಿಯಮ ಅಲ್ಲಿಯೂ ಬೋಧಕರು ಇರಬೇಕೆನ್ನುತ್ತದೆ, ಆದರೆ ಹಿಂದಿನ ಸೀಟಿನಲ್ಲಿ ಕುಳಿತವರು ಬೈಕನ್ನು ಹೇಗೆ ನಿಲ್ಲಿಸಿಯಾರು? ಸ್ಕೂಟರ್ ಕಲಿಯುವ ಹುಡುಗಿಯ ಹಿಂದೆ ಭಾರದ ಮನುಷ್ಯರೊಬ್ಬರು ಕುಳಿತರೆ ಅವಳು ಬೀಳುವ ಸಂಭವವೇ ಹೆಚ್ಚು. ಆದ್ದರಿಂದ ಮೊದಲು ಕಾರುಗಳ ಕಡೆ ಗಮನ ಕೊಡಬೇಕೆಂದು ನನ್ನ ಕೋರಿಕೆ. ದ್ವಿಚಕ್ರದಲ್ಲಿ ಮಾತ್ರ ಒಂದನ್ನು ಬಿಡಬೇಡಿ: ಎಲ್‌ಎಲ್‌ಆರ್ ಇರುವವರು ಬೋಧಕರನ್ನಲ್ಲದೆ ಬೇರೆ ಯಾರನ್ನೂ ಕೂರಿಸಿಕೊಳ್ಳಬಾರದು ಎಂದು ನಿಯಮ ಸ್ಪಷ್ಟವಾಗಿ ಹೇಳಿದೆ. ಶಾಲೆಯ ಮುಂದೆ ಬೆಳಿಗ್ಗೆ ನಿಂತು ನೋಡಿದರೆ ಆ ನಿಯಮವನ್ನು ಎಷ್ಟು ಜನ ಮುರಿಯುತ್ತಾರೆಂದು ತಿಳಿಯುತ್ತದೆ, ಹಿಂದೆ ಕುಳಿತಿರುವವು ಮಕ್ಕಳು.

ಸಾರಿಗೆ ಆಯುಕ್ತರಲ್ಲಿ ನನ್ನ ಕೋರಿಕೆ ಪ್ರತ್ಯೇಕವಾದದ್ದು. ಪೊಲೀಸರು ಬಿಗಿಯಾಗುವ ಮೊದಲು, ಅಥವಾ ಅವರ ಜೊತೆಜೊತೆಗೇ, ಟೆಸ್ಟಿಗೆ ಬೇಗ ದಿನ ಸಿಗುವಂತೆ ಮಾಡಿ. ತಾಲ್ಲೂಕು ಕೇಂದ್ರಗಳಲ್ಲಿ ತಿಂಗಳಿಗೆ ಕೆಲವು ದಿನವಾದರೂ ಟೆಸ್ಟ್ ನಡೆಸಿ. ಟೆಸ್ಟಿಗೆ ಬರುವವರ ಜೊತೆ ಬಂದಿರುವ ಲೈಸೆನ್ಸ್‌ದಾರರು ಯಾರು ಎಂದು ಗೇಟಿನಲ್ಲೇ ಕೇಳಿ ಬರೆದುಕೊಳ್ಳಿ. ಎಲ್‌ಎಲ್‌ಆರ್ ಈಗ ಆಧಾರ್ ಮೂಲಕ ಮನೆಯಿಂದಲೇ ಸಿಗುತ್ತಿರುವುದು ಒಳ್ಳೆಯದೇ, ಆದರೆ ಮೊದಲು ಕಚೇರಿಗೆ ಬಂದಾಗ ಯಾರಾದರೂ ಬಾಯಿಮಾತಿನಲ್ಲಿ ಹೇಳುತ್ತಿದ್ದ ಎಚ್ಚರಿಕೆ ಈಗ ಇಲ್ಲವಾಗಿದೆ. ಎಲ್‌ಎಲ್‌ಆರ್ ಹಾಳೆಯ ಮೇಲ್ಭಾಗದಲ್ಲಿ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ, 'ಪಕ್ಕದಲ್ಲಿ ಲೈಸೆನ್ಸ್ ಇರುವವರಿಲ್ಲದೆ ಈ ಪತ್ರ ಊರ್ಜಿತವಲ್ಲ' ಎಂದು ಮುದ್ರಿಸಲು ಹೆಚ್ಚು ಖರ್ಚಾಗದು. ಮತ್ತೆ ಮತ್ತೆ ಎಲ್‌ಎಲ್‌ಆರ್ ಪಡೆಯುವವರು ಈ ನಡುವೆ ಒಂದು ಸಲವಾದರೂ ಟೆಸ್ಟಿಗೆ ಹಾಜರಾಗಿದ್ದಾರೆಯೇ ಎಂದು ನೋಡಿ ಕೊಡುವ ವ್ಯವಸ್ಥೆ ಬರಲಿ.

ನಮ್ಮ ಡ್ರೈವಿಂಗ್ ಸ್ಕೂಲುಗಳ ತಪ್ಪನ್ನೂ ಮುಚ್ಚಿಡುವುದಿಲ್ಲ. ಎಲ್‌ಎಲ್‌ಆರ್‌ನಿಂದ ಡಿಎಲ್ ತನಕ ಇಷ್ಟು ಹಣ ಎಂದು ಮಾತಾಡಿಕೊಂಡು, ಎಂಟು ಹತ್ತು ದಿನ ಕಾರಿನಲ್ಲಿ ತಿರುಗಿಸಿ ಕೈತೊಳೆದುಕೊಳ್ಳುವವರು ನಮ್ಮ ನಡುವೆ ಇದ್ದಾರೆ. ಅಂಥವರ ದಾಖಲೆಗಳನ್ನು ಪರಿಶೀಲಿಸಿ, ತರಬೇತಿಯ ದಿನಗಳನ್ನು ಲೆಕ್ಕ ಕೇಳಿ. ಆ ಹುಡುಗನ ಫೋನ್ ಬಂದ ದಿನದಂದು ನಾನು ಕೇಳದೆ ಬಿಟ್ಟ ಪ್ರಶ್ನೆಯನ್ನು ಈಗ ಪ್ರತಿಯೊಬ್ಬ ವಿದ್ಯಾರ್ಥಿಯ ಮನೆಯವರನ್ನೂ ಸೇರುವ ಮೊದಲ ದಿನವೇ ಕೇಳುತ್ತಿದ್ದೇನೆ: ಮನೆಯಲ್ಲಿ ಯಾರಿಗೆ ಡಿಎಲ್ ಇದೆ, ಪಕ್ಕದಲ್ಲಿ ಕೂರುವವರು ಯಾರು? ಯಾರೂ ಇಲ್ಲವೆಂದರೆ ಟೆಸ್ಟ್ ಆಗುವ ತನಕ ವಾರಕ್ಕೆರಡು ಸಲ ಅವರದೇ ಕಾರಿನಲ್ಲಿ ನಾನೋ ನನ್ನ ಸಹಾಯಕನೋ ಹೋಗಿ ಕೂರುತ್ತೇವೆ, ಅದಕ್ಕೆ ಶುಲ್ಕ ತೆಗೆದುಕೊಳ್ಳುವುದಿಲ್ಲ.

ಮನೆಯ ಹಿರಿಯರು ತಿಳಿಯಬೇಕಾದ ಒಂದು ವಿಷಯವನ್ನೂ ಇಲ್ಲಿಯೇ ಹೇಳುತ್ತೇನೆ. ಇನ್ಶೂರೆನ್ಸ್ ಇದೆಯಲ್ಲ ಎಂಬ ಧೈರ್ಯದ ಮೇಲೆ ಅನೇಕರು ಕೀ ಕೊಡುತ್ತಾರೆ. ಖಾಸಗಿ ಕಾರಿನ ಪಾಲಿಸಿಯಲ್ಲಿ ಚಾಲಕರ ಬಗ್ಗೆ ಇರುವ ಷರತ್ತನ್ನು ಓದಿ ನೋಡಿ: ಎಲ್‌ಎಲ್‌ಆರ್ ಇರುವವರು ಓಡಿಸಬಹುದು, ಆದರೆ ಮೇಲೆ ಹೇಳಿದ 3ನೆಯ ನಿಯಮವನ್ನು ಪಾಲಿಸಿದ್ದರೆ ಎಂದು ಅದರಲ್ಲಿ ಬರೆದಿರುತ್ತದೆ. ಪಕ್ಕದ ಸೀಟು ಖಾಲಿಯಿದ್ದಾಗ ಆದ ಡಿಕ್ಕಿಗೆ ನಿಮ್ಮ ಕಾರಿನ ರಿಪೇರಿ ಹಣವನ್ನು ಕಂಪನಿ ನಿರಾಕರಿಸಲು ಆ ಒಂದು ವಾಕ್ಯ ಸಾಕು.

2022ರಲ್ಲಿ ಈ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರೆಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಅದೇ ವರದಿ ಅಪಘಾತ ಮಾಡಿದವರನ್ನು ಲೈಸೆನ್ಸ್ ಇದ್ದವರು, ಕಲಿಕಾ ಲೈಸೆನ್ಸಿನವರು, ಇಲ್ಲದವರು ಎಂದು ಬೇರೆ ಬೇರೆ ಎಣಿಸುತ್ತದೆ. ಆದರೆ ಕಲಿಕಾ ಲೈಸೆನ್ಸಿನವರ ಪಕ್ಕದಲ್ಲಿ ಯಾರಾದರೂ ಇದ್ದರೇ ಎಂಬುದು ಅಪಘಾತದ ಸ್ಥಳದಲ್ಲೇ ಬರೆದುಕೊಳ್ಳದಿದ್ದರೆ ಮುಂದೆ ಯಾವ ವರದಿಗೂ ಸಿಗುವುದಿಲ್ಲ. ಆದ್ದರಿಂದ ತಮ್ಮ ಸಿಬ್ಬಂದಿ ಎಲ್‌ಎಲ್‌ಆರ್‌ನವರ ಅಪಘಾತದ ಮಹಜರು ಬರೆಯುವಾಗ ಪಕ್ಕದ ಸೀಟಿನಲ್ಲಿ ಯಾರಿದ್ದರು, ಅವರಿಗೆ ಲೈಸೆನ್ಸ್ ಇತ್ತೇ ಎಂಬ ಎರಡು ಸಾಲನ್ನು ತಪ್ಪದೆ ಸೇರಿಸುವಂತೆ ಸುತ್ತೋಲೆ ಹೊರಡಿಸಬೇಕೆಂದು ವಿನಂತಿಸುತ್ತೇನೆ.

ಆ ಸುತ್ತೋಲೆಯೂ, ಒಂಟಿಯಾಗಿ ಸಿಕ್ಕ ಕಾರನ್ನು ಲೈಸೆನ್ಸ್ ಇರುವವರು ಬರುವ ತನಕ ಬಿಡಬಾರದೆಂಬ ಆದೇಶವೂ ತಮ್ಮ ಸಹಿಯಿಂದ ಹೊರಟರೆ, ನಮ್ಮ ತಾಲ್ಲೂಕಿನ ಠಾಣೆಗಳ ಸಿಬ್ಬಂದಿಗೆ 3ನೆಯ ನಿಯಮವನ್ನು ವಿವರಿಸಿ ಹೇಳಲು, ತಪಾಸಣೆಯ ದಿನ ನಿಲ್ಲಿಸಿದ ಕಾರನ್ನು ಓಡಿಸಿ ಮನೆಗೆ ತಲುಪಿಸಲು ನಾನೂ ನನ್ನ ಪರಿಚಯದ ಇತರ ಬೋಧಕರೂ ಬರುತ್ತೇವೆ. ಬೆಳಿಗ್ಗೆ ಒಂಬತ್ತರ ನಂತರ ಸಂಜೆಯ ತನಕ ನಮಗೆ ಪಾಠಗಳಿರುವುದಿಲ್ಲ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಒಬ್ಬ ಚಾಲನಾ ಬೋಧಕ